ಜೋಡು ತೊಡಲು ಜೊತೆಗಾರ ಬೇಕು



ತಗಡು ಬಡಿಯುವವನ ಹೊಡೆತ ಸರಿಯೋ ತಪ್ಪೋ ಎಂದು ತಿಳಿಯಲು ಕಣ್ಣು ಬೇಕಿಲ್ಲ, ಕಿವಿ ಸಾಕು. ಕೆಳಗಿನ ಕಬ್ಬಿಣಕ್ಕೆ ತಗಡು ಸರಿಯಾಗಿ ಅಂಟಿ ಕೂತಿದ್ದರೆ ಸುತ್ತಿಗೆ ಬಿದ್ದಾಗ 'ಠಣ್' ಎಂದು ಗಟ್ಟಿ ದನಿ ಬರುತ್ತದೆ. ನಡುವೆ ಕೂದಲೆಳೆಯಷ್ಟು ಸಂದಿ ಉಳಿದಿದ್ದರೂ 'ಡಬ್' ಎನ್ನುವ ಟೊಳ್ಳು ದನಿ. ಐಟಿಐ ಒಂದರಲ್ಲಿ 32 ವರ್ಷ ಹುಡುಗರಿಗೆ ತಗಡು ಕೆಲಸ, ಅಂದರೆ ಶೀಟ್ ಮೆಟಲ್ ಟ್ರೇಡು ಕಲಿಸಿದವನು ನಾನು. ಹಲಗೆಯ ಮೇಲೆ ಬರೆಯುತ್ತ ಬೆನ್ನು ತಿರುಗಿಸಿ ನಿಂತಿದ್ದರೂ ಹಿಂದೆ ಯಾವ ಬೆಂಚಿನಲ್ಲಿ ಕೆಲಸ ಕೆಡುತ್ತಿದೆ ಎಂದು ಹೇಳುತ್ತಿದ್ದೆ. ನನ್ನ ತಲೆಯ ಹಿಂದೆಯೂ ಎರಡು ಕಣ್ಣಿವೆ ಎಂದು ಹುಡುಗರು ನಂಬಿದ್ದರು.

ನಿವೃತ್ತನಾದ ಮೇಲೆ ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗಿಗೆ ಹೋದೆ. ಆರು ತಿಂಗಳ ವಾಸ. ಅಲ್ಲಿಗೆ ಹೋದ ನಮ್ಮ ವಯಸ್ಸಿನವರ ಪಾಡು ನಿಮಗೆ ಗೊತ್ತೇ ಇದೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ, ನಾವು ಕಿಟಕಿಗೆ. ಒಂದು ಶನಿವಾರ ಬೆಳಿಗ್ಗೆ ಚಹಾ ಕುಡಿಯುತ್ತ ಕೂತಿದ್ದಾಗ ಪಕ್ಕದ ಮನೆಯ ಕಾರ್ ಶೆಡ್ಡಿನಿಂದ ಸದ್ದು ಬಂತು. ಡಬ್, ಡಬ್, ಡಬ್. ಪೂರಾ ಟೊಳ್ಳು. ಮುಂದಿನ ಶನಿವಾರವೂ ಅದೇ. ನನ್ನ ಚಡಪಡಿಕೆ ನೋಡಿ ಮಗಳು, "ಅಪ್ಪಾ, ಇಲ್ಲೆ ಕರೀಲಾರದ ಯಾರ ಮನೀಗೂ ಹೋಗಬಾರದು" ಎಂದಳು. ಮೂರನೆಯ ಶನಿವಾರ ತಡೆಯಲಾಗದೆ ಹೋಗಿಯೇ ಬಿಟ್ಟೆ.

ಶೆಡ್ಡಿನೊಳಗೆ ಐದು ಜನ. ಮನೆಯ ಯಜಮಾನ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು. ಒಬ್ಬಾಕೆ ಆಸ್ಪತ್ರೆಯ ನರ್ಸು, ಒಬ್ಬ ಲಾರಿ ಡ್ರೈವರು, ಇಬ್ಬರು ಕಾಲೇಜು ಹುಡುಗರು. ನೆಲದ ಮೇಲೆ ರೈಲು ಹಳಿಯ ತುಂಡು, ಗುಳಿ ತೋಡಿದ ಮರದ ದಿಮ್ಮಿ, ಕಾರಿನ ಹಿಂದೆ ಟ್ರೇಲರ್ ಸಿಗಿಸುವ ಉಕ್ಕಿನ ಗುಂಡು. ಹುಡುಗನೊಬ್ಬ ಆ ಗುಂಡಿನ ಮೇಲೆ ಬಟ್ಟಲಿನಂಥದೊಂದನ್ನು ಬಡಿಯುತ್ತಿದ್ದ. ನಾನು ಮಾತಿಲ್ಲದೆ ಅವನ ಕೈ ಹಿಡಿದು ತಗಡನ್ನು ಒಂದಿಷ್ಟು ಓರೆ ಮಾಡಿಸಿದೆ. ಠಣ್ ಎಂದಿತು. ಐದೂ ಜನ ತಿರುಗಿ ನೋಡಿದರು. ಕುರ್ಚಿ ಬಂತು, ಕಾಫಿ ಬಂತು. ಆಮೇಲೆ ತಿಳಿಯಿತು, ಅದು ಬಟ್ಟಲಲ್ಲ, ಮೊಣಕೈಗೆ ಕಟ್ಟುವ ಕವಚ. ಅವರು ಮಾಡುತ್ತಿದ್ದುದು ಯುರೋಪಿನ ಹದಿನಾಲ್ಕನೆಯ ಶತಮಾನದ ಯೋಧರ ಉಡುಪು.

ಯಾಕೆ ಎಂದು ನನಗಾದ ಬೆರಗು ನಿಮಗೂ ಆಗಿರಬೇಕು. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡಯಾನಾ ಪ್ಯಾಕ್ಸನ್ ಎಂಬ ವಿದ್ಯಾರ್ಥಿನಿಯ ಮನೆಯ ಹಿತ್ತಲಿನಲ್ಲಿ ಗೆಳೆಯರೆಲ್ಲ ಕೂಡಿ ಹಳೆಗಾಲದ ಯೋಧರಂತೆ ವೇಷ ಹಾಕಿ ಕತ್ತಿವರಸೆಯ ಪಂದ್ಯ ಆಡಿದರು. ಒಂದು ದಿನದ ತಮಾಷೆ ನಿಲ್ಲಲಿಲ್ಲ. ಅದರಿಂದ ಹುಟ್ಟಿದ ಸಂಘದ ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ. ಕಾಲದೋಷವನ್ನೇ ಕಲೆ ಮಾಡಿಕೊಂಡವರ ಕೂಟ ಎನ್ನಬಹುದು. ಇಂದು ಹಲವು ದೇಶಗಳಲ್ಲಿ ಅದರ ಶಾಖೆಗಳಿವೆ. ನಮ್ಮಲ್ಲಿ ಹವ್ಯಾಸಿ ನಾಟಕ ತಂಡ, ಹವ್ಯಾಸಿ ಯಕ್ಷಗಾನ ಮೇಳ ಇದ್ದ ಹಾಗೆ ಇವರು ಹವ್ಯಾಸಿ ಯೋಧರು. ವಾರವಿಡೀ ನೌಕರಿ, ಶನಿವಾರ ಸುತ್ತಿಗೆ, ಭಾನುವಾರ ಕಾಳಗ.

ಕಾಳಗ ಎಂದರೆ ನಿಜವಾದ ಹೊಡೆತ. ಕತ್ತಿ ಮಾತ್ರ ಉಕ್ಕಿನದಲ್ಲ, ಬೆತ್ತದ್ದು. ನಮ್ಮ ಕಾಲದ ಮೇಷ್ಟ್ರುಗಳ ಕೈಯಲ್ಲಿ ಇರುತ್ತಿದ್ದ ಬೆತ್ತದ ದೊಡ್ಡಣ್ಣ. ಒಂದೂಕಾಲು ಇಂಚಿಗಿಂತ ಸಣ್ಣಗಿರಕೂಡದು. ಬೆತ್ತವೇ ಯಾಕೆ? ಬೇರೆ ಮರದ ಕೋಲು ಮುರಿದರೆ ಈಟಿಯಂಥ ಚೂಪು ಸಿಬಿರು ಏಳುತ್ತದೆ. ಬೆತ್ತ ಹಾಗೆ ಸೀಳುವುದಿಲ್ಲ, ಪೊರಕೆಯ ತುದಿಯಂತೆ ನಾರು ನಾರಾಗಿ ಜಜ್ಜಿಹೋಗುತ್ತದೆ. ಕವಚಕ್ಕೂ ಕಟ್ಟುನಿಟ್ಟು ಉಂಟು. ಶಿರಸ್ತ್ರಾಣದ ಉಕ್ಕು 1.6 ಮಿಲಿಮೀಟರಿಗಿಂತ ತೆಳ್ಳಗಿರಬಾರದು. ಮುಖದ ಜಾಲರಿಯ ಸಂದಿಯಲ್ಲಿ ಒಂದು ಇಂಚು ದಪ್ಪದ ಕೋಲು ತೂರಬಾರದು. ಒಳಗೆ ಅರ್ಧ ಇಂಚು ಮೆತ್ತೆ ಇರಲೇಬೇಕು. ಕುತ್ತಿಗೆ, ಮೊಣಕೈ, ಮೊಣಕಾಲು, ಕೈಬೆರಳು, ಮೂತ್ರಪಿಂಡ ಇರುವ ಜಾಗ ಇವೆಲ್ಲ ಮುಚ್ಚಿರಬೇಕು. ಅಖಾಡಕ್ಕೆ ಇಳಿಯುವ ಮುನ್ನ ಒಬ್ಬರು ಮುಟ್ಟಿ, ಜಗ್ಗಿ, ತಟ್ಟಿ ನೋಡಿಯೇ ಬಿಡುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ನಿಯಮ. ಏಟು ಬಿತ್ತೋ ಇಲ್ಲವೋ, ಅದು ಕೊಲ್ಲುವಂಥ ಏಟೋ ಅಲ್ಲವೋ ಎಂದು ತೀರ್ಪು ಹೇಳುವವನು ಅಂಪೈರ್ ಅಲ್ಲ, ಏಟು ತಿಂದವನೇ. "ಸರಿಯಾಗಿ ಬಿತ್ತು" ಎಂದು ತಾನೇ ಒಪ್ಪಿ ಕೆಳಗೆ ಕೂರಬೇಕು. ಇಂಥ ಆಟ ಆಡುವವರಿಗೆ ತಮ್ಮ ತಪ್ಪನ್ನು ನಾಲ್ಕು ಜನರ ಮುಂದೆ ಹೇಳುವುದು ರೂಢಿಯಾಗಿರುತ್ತದೆ ಎಂದು ಆಗ ಹೊಳೆದಿರಲಿಲ್ಲ. ಆ ರೂಢಿ ನನಗೆ ಇರಲಿಲ್ಲ ಎಂಬುದು ಬೇಗನೆ ಗೊತ್ತಾಯಿತು.

ಮೇಷ್ಟ್ರ ಶೆಡ್ಡಿನ ಒಂದು ಗೋಡೆಯ ತುಂಬ ಕೆಟ್ಟುಹೋದ ತುಂಡುಗಳು ತೂಗುತ್ತಿದ್ದವು. ನಡುವೆ ತೂತು ಬಿದ್ದ ಮೊಣಕಾಲ ಬಟ್ಟಲು, ಸೀಳಿದ ಎದೆತಗಡು, ಯಾರ ತಲೆಗೂ ಹತ್ತದ ಶಿರಸ್ತ್ರಾಣ. ಪ್ರತಿಯೊಂದಕ್ಕೂ ಒಂದು ಚೀಟಿ. ಎಂದು ಕೆಟ್ಟಿತು, ಯಾಕೆ ಕೆಟ್ಟಿತು. ಹೊಸಬರು ಬಂದರೆ ಮೊದಲು ತೋರಿಸುವುದು ಆ ಗೋಡೆಯನ್ನು. ನಮ್ಮ ಐಟಿಐನಲ್ಲಿ ಕೆಟ್ಟ ಜಾಬ್ ನೇರವಾಗಿ ಗುಜರಿಗೆ ಹೋಗುತ್ತಿತ್ತು, ಇನ್‌ಸ್ಪೆಕ್ಷನ್ನಿಗೆ ಬಂದವರ ಕಣ್ಣಿಗೆ ಬೀಳದ ಹಾಗೆ.

ಆ ಗೋಡೆಗೆ ಒಂದು ಕಾರಣವಿದೆ. ಯುರೋಪಿನ ಹಳೆಯ ಕವಚಗಾರರು ತಮ್ಮ ಕಸುಬಿನ ಗುಟ್ಟನ್ನು ಬರೆದಿಟ್ಟದ್ದು ತೀರ ಕಡಿಮೆ. ಮಿಲಾನಿನ ಮಿಸಾಲಿಯಾ ಮನೆತನ, ಆಗ್ಸ್‌ಬರ್ಗಿನ ಹೆಲ್ಮ್‌ಶ್ಮಿಡ್ ಮನೆತನ ತಲೆಮಾರುಗಟ್ಟಲೆ ದೊರೆಗಳಿಗೆ ಕವಚ ಮಾಡಿಕೊಟ್ಟವು. ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಆಳಿಗೆ ಕೈಯಿಂದ ಕೈಗೆ ಹೋಯಿತು. ಬಂದೂಕು ಬಂದು ಕವಚದ ಕಾಲ ಮುಗಿದಾಗ ಕೈಗಳೊಂದಿಗೆ ವಿದ್ಯೆಯೂ ಹೋಯಿತು. ಉಳಿದದ್ದು ವಸ್ತು. ಹೊರಮೈಯನ್ನು ಉಜ್ಜಿ ಕನ್ನಡಿ ಮಾಡಿದ್ದರೂ ಒಳಮೈಯಲ್ಲಿ ಸುತ್ತಿಗೆಯ ಗುರುತು ಹಾಗೆಯೇ ಉಳಿದಿರುತ್ತದೆ. ಇಂದಿನವರು ಆ ಗುರುತುಗಳನ್ನು ಓದಿ, ತಾವೇ ಬಡಿದು, ಕೆಡಿಸಿ, ಒಬ್ಬರ ತಪ್ಪನ್ನು ಇನ್ನೊಬ್ಬರಿಗೆ ತೋರಿಸಿ ಕಲಿತರು. ಮೊದಮೊದಲು ರತ್ನಗಂಬಳಿಯ ತುಂಡುಗಳನ್ನೇ ಕಟ್ಟಿಕೊಂಡು ಕಾದಿದವರಿದ್ದಾರೆ. ಫ್ರಿಜ್ಜಿನ ಗ್ಯಾಸು ತುಂಬಿ ಬರುವ ಸಿಲಿಂಡರನ್ನು ಕೊಯ್ದು ಟೊಪ್ಪಿಗೆ ಮಾಡಿಕೊಂಡವರಿದ್ದಾರೆ. ನೀಲಿ ಪ್ಲಾಸ್ಟಿಕ್ ಡ್ರಮ್ಮು ಗೊತ್ತಲ್ಲ, ನಲ್ಲಿ ನೀರು ಬಾರದ ದಿನಕ್ಕೆ ನಾವು ತುಂಬಿಡುವುದು. ಅದನ್ನು ಕತ್ತರಿಸಿ ಅಂಗಿಯೊಳಗೆ ಹಾಕಿಕೊಳ್ಳುವವರು ಇಂದಿಗೂ ಇದ್ದಾರೆ. 2000ದಲ್ಲಿ ಬ್ರಯಾನ್ ಪ್ರೈಸ್ ಎಂಬವರು ಕವಚ ಮಾಡುವ ಬಗೆಯನ್ನೇ ಕುರಿತ ದಪ್ಪ ಪುಸ್ತಕ ತಂದರು. ಮೇಷ್ಟ್ರ ಶೆಡ್ಡಿನಲ್ಲಿ ಅದರ ಹಾಳೆಗಳು ಎಣ್ಣೆಗೈಯಿಂದ ಕಪ್ಪಾಗಿದ್ದವು.

ಇಷ್ಟೆಲ್ಲ ನೋಡಿದ ಮೇಲೆ ನನಗೂ ಕೈ ತುರಿಸಿತು. ಕಾದಾಡುವ ವಯಸ್ಸಲ್ಲ. ಒಂದು ಎದೆಕವಚ ಮಾಡಿ ಮೊಮ್ಮಗನ ಮುಂದೆ ತೊಟ್ಟು ನಿಲ್ಲೋಣ ಎಂದು ಆಸೆ. ಹೊಸಬರು ಮೊದಲು ಮಾಡುವುದು ತಗಡು ಜೋಡಿಸಿದ ಒಂದು ಅಂಗಿ ಎಂದು ಮೇಷ್ಟ್ರು ಅದರ ಚಿತ್ರಗಳನ್ನು ತೋರಿಸಿದರು. ಗಟ್ಟಿ ಬಟ್ಟೆಯ ಇಲ್ಲವೆ ತೊಗಲಿನ ಅಂಗಿಯ ಒಳಮೈಗೆ ಉಕ್ಕಿನ ಪಟ್ಟಿಗಳನ್ನು ರಿವೆಟ್ ಹಾಕಿ ಕೂರಿಸಿದ್ದು. ಹೊರಗೆ ಕಾಣುವುದು ಬಟ್ಟೆ ಮತ್ತು ರಿವೆಟ್ಟಿನ ತಲೆಗಳು ಮಾತ್ರ. ಪಟ್ಟಿಗಳು ಬಹುಪಾಲು ಚಪ್ಪಟೆ, ತುಸು ಬಾಗಿಸಿದರೆ ಸಾಕು, ಆಳವಾಗಿ ಬಡಿಯುವ ಕೆಲಸವಿಲ್ಲ.

ಆ ಚಿತ್ರಗಳ ಹಿಂದಿನ ಕತೆ ಕೇಳಿ. ಬಾಲ್ಟಿಕ್ ಸಮುದ್ರದಲ್ಲಿ ಸ್ವೀಡನ್ನಿಗೆ ಸೇರಿದ ಗಾಟ್‌ಲ್ಯಾಂಡ್ ದ್ವೀಪ. ಅಲ್ಲಿನ ವಿಸ್ಬಿ ಪಟ್ಟಣದ ಗೋಡೆಯ ಹೊರಗೆ 1361ರ ಜುಲೈ 27ರಂದು ಡೆನ್ಮಾರ್ಕಿನ ದೊರೆ ವಾಲ್ಡೆಮಾರನ ಸೈನ್ಯಕ್ಕೂ ದ್ವೀಪದ ರೈತರಿಗೂ ಯುದ್ಧವಾಯಿತು. ಒಂದು ಕಡೆ ಪಳಗಿದ ಸೈನಿಕರು. ಇನ್ನೊಂದು ಕಡೆ ಅಜ್ಜಂದಿರೂ ಮೀಸೆ ಮೂಡದ ಹುಡುಗರೂ ಇದ್ದ ಹಳ್ಳಿಗರು. ಸತ್ತವರನ್ನು ದೊಡ್ಡ ಗುಂಡಿಗಳಲ್ಲಿ ಒಟ್ಟಿಗೆ ಹೂಳಿದರು. ಬೇಸಿಗೆಯ ಸೆಕೆಗೆ ಹೆಣಗಳು ಬೇಗ ಕೆಟ್ಟದ್ದರಿಂದ ಎಷ್ಟೋ ಜನರ ಕವಚ ಬಿಚ್ಚಲೇ ಇಲ್ಲ ಎನ್ನುತ್ತಾರೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಗೆದಾಗ ಸಾವಿರಕ್ಕೂ ಮಿಕ್ಕಿ ಜನರ ಎಲುಬು ಸಿಕ್ಕಿತು. ಬಟ್ಟೆ, ತೊಗಲು ಕರಗಿಹೋಗಿದ್ದರೂ ಕವಚದ ಪಟ್ಟಿಗಳು ಎಲುಬಿನ ಮೇಲೆ ಇದ್ದ ಜಾಗದಲ್ಲೇ ಇದ್ದವು. ಬೆಂಗ್ಟ್ ಥೋರ್ಡ್‌ಮನ್ ಎಂಬ ವಿದ್ವಾಂಸ ಒಂದೊಂದು ಪಟ್ಟಿಯನ್ನೂ ಅಳೆದು, ಬರೆದು 1939-40ರಲ್ಲಿ ಎರಡು ಸಂಪುಟ ಪ್ರಕಟಿಸಿದ. ಇಂದು ಲೋಕದ ಮೂಲೆಮೂಲೆಯ ಶೆಡ್ಡುಗಳಲ್ಲಿ ಜನ ಕೊಯ್ಯುವ ತಗಡಿನ ನಮೂನೆ ಆ ರೈತರ ಮೈಮೇಲಿನದು. ಎಲುಬುಗಳಲ್ಲಿ ಮೊಣಕಾಲ ಕೆಳಗೆ ಕೊಚ್ಚಿದ ಗಾಯಗಳು ಬಹಳ ಇದ್ದವಂತೆ. ಎದೆಗೆ ಕವಚವಿತ್ತು, ಕಾಲಿಗೆ ಇರಲಿಲ್ಲ. ಶತ್ರು ಕವಚ ಇದ್ದಲ್ಲಿ ಬಿಟ್ಟು ಇಲ್ಲದಲ್ಲಿ ಹೊಡೆದ.

ಇನ್ನು ನನ್ನ ಕವಚದ ಸಂಗತಿ. ಇಷ್ಟು ಸಣ್ಣ ಕೆಲಸಕ್ಕೆ 32 ವರ್ಷ ಪಾಠ ಹೇಳಿದವನು ಯಾರನ್ನು ಕೇಳಬೇಕು? ಒಂದು ಸೋಮವಾರ ಮನೆಯಲ್ಲಿ ಯಾರೂ ಇಲ್ಲದಾಗ ಟೇಪು ಹಿಡಿದು ನನ್ನ ಅಳತೆ ನಾನೇ ತೆಗೆದುಕೊಂಡೆ. ಕಾಗದದ ಮೇಲೆ ನಮೂನೆ ಗೀಚಿದೆ. ಶನಿವಾರ ಶೆಡ್ಡಿನಲ್ಲಿ 1.2 ಮಿಲಿಮೀಟರಿನ ತಗಡನ್ನು ಒಬ್ಬನೇ ಕೊಯ್ದೆ. ಒಟ್ಟು 24 ಪಟ್ಟಿ. ಅಂಚಿಗೆ ಅರ ಹಾಕಿ ನುಣುಪು ಮಾಡಿದೆ. ರಿವೆಟ್ಟಿನ ಬದಲು ಅಲ್ಲಿಯವರು ಚಾವಣಿಗೆ ಹೊಡೆಯುವ ಅಗಲ ತಲೆಯ ಮೊಳೆ ಬಳಸುತ್ತಾರೆ. ಮೊಳೆ ತೂರಿಸಿ, ಹೆಚ್ಚಾದದ್ದನ್ನು ಕತ್ತರಿಸಿ, ಉಳಿದ ತುದಿಯನ್ನು ಗುಂಡುತಲೆ ಸುತ್ತಿಗೆಯಿಂದ ಅರಳಿಸುವುದು. ಎರಡು ಶನಿವಾರದಲ್ಲಿ ಎಲ್ಲ ಮುಗಿಸಿದೆ. ಒಂದೊಂದು ಹೊಡೆತವೂ ಠಣ್ ಎಂದಿತ್ತು. ನೋಡಿದವರೆಲ್ಲ ತಲೆದೂಗಿದರು.

ಆಗ ನರ್ಸಮ್ಮ, "ಒಳಗೆ ಮೆತ್ತಂಗಿ ಹಾಕಿಕೊಂಡು ತೊಡಿ" ಎಂದಳು. ನಮ್ಮ ಉತ್ತರ ಕರ್ನಾಟಕದ ಕೌದಿ ನೆನಪಿಸಿಕೊಳ್ಳಿ. ಪದರ ಪದರ ಹಳೆ ಬಟ್ಟೆ ಇಟ್ಟು ಸಾಲಾಗಿ ಓಟುಹೊಲಿಗೆ ಹಾಕಿದ್ದು. ಅಂಥದೇ ಕೌದಿಯನ್ನು ಅಂಗಿಯಾಗಿ ಹೊಲಿದರೆ ಅದು ಮೆತ್ತಂಗಿ. ಉಕ್ಕು ಕೊಯ್ತವನ್ನು ತಡೆಯುತ್ತದೆ, ಪೆಟ್ಟನ್ನು ಹೀರುವುದು ಈ ಕೌದಿ. ಅದಿಲ್ಲದೆ ಉಕ್ಕು ತೊಟ್ಟರೆ ಎಲುಬಿಗೇ ಬಡಿದಂತೆ. ನಾನು ಅಳತೆ ತೆಗೆದದ್ದು ತೆಳು ಜುಬ್ಬದ ಮೇಲೆ! ಮೆತ್ತಂಗಿ ಹಾಕಿದ ಮೇಲೆ ಕವಚದ ಎರಡು ಅಂಚು ಬೆನ್ನ ಹಿಂದೆ ಕೂಡಲೇ ಇಲ್ಲ, ನಡುವೆ ಒಂದು ಗೇಣು ಬಯಲು. ಅದು ಹೇಗೋ ಇರಲಿ ಎಂದು ಕುರ್ಚಿಯ ಮೇಲೆ ಕೂತೆ. ಕೆಳಗಿನ ಪಟ್ಟಿ ತೊಡೆಗೆ ತಾಗಿ ಇಡೀ ಕವಚ ಮೇಲೆದ್ದು ಗಂಟಲಿಗೆ ಒತ್ತಿತು. ಮಾತು ಹೊರಡಲಿಲ್ಲ. ಮಾತಾಡುವ ಮುಖವೂ ಇರಲಿಲ್ಲ.

ಯಾರೂ ನಗಲಿಲ್ಲ. ಮೇಷ್ಟ್ರು ಚೀಟಿ ತಂದು ಕೈಗೆ ಕೊಟ್ಟರು. ದಿನಾಂಕ ಹಾಕಿ ಕಾರಣ ಬರೆದೆ: "ಒಬ್ಬನೇ ಅಳತೆ ತೆಗೆದದ್ದು." ಅಳತೆ ತಪ್ಪಿದ ನನ್ನ ಎಂಟು ಪಟ್ಟಿಗಳು ಆ ಗೋಡೆಯನ್ನು ಸೇರಿದವು.

ತನ್ನ ಅಳತೆ ತಾನು ತೆಗೆದುಕೊಳ್ಳಲು ಆಗದು ಎಂಬುದು ದರ್ಜಿಯ ಹುಡುಗನಿಗೂ ಗೊತ್ತು. ಟೇಪು ನೋಡಲು ಬಗ್ಗಿದರೆ ಎದೆ ಕುಗ್ಗುತ್ತದೆ, ಕೈ ಎತ್ತಿದರೆ ಹೆಗಲು ಏರುತ್ತದೆ. ಬಟ್ಟೆ ಅಷ್ಟಿಷ್ಟು ತಪ್ಪನ್ನು ಸಹಿಸುತ್ತದೆ, ಉಕ್ಕು ಸಹಿಸುವುದಿಲ್ಲ. ದೂರದ ದೊರೆಗಳು ಕವಚಗಾರನ ಅಳತೆಗೆಂದು ತಮ್ಮ ಅಂಗಿ ಚಲ್ಲಣಗಳನ್ನೇ ಕಳಿಸಿದ್ದುಂಟು. ನರ್ಸಮ್ಮ ನನ್ನನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಉಸಿರು ತುಂಬಿಸಿ ಬಿಡಿಸಿ, ಮೆತ್ತಂಗಿಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು. ಮೈ ಎಲ್ಲಿ ಮಡಿಚುತ್ತದೆ, ಪಕ್ಕೆಲುಬು ಎಲ್ಲಿ ಮುಗಿಯುತ್ತದೆ, ಸೊಂಟದ ಎಲುಬಿನ ಮೇಲ್ತುದಿ ಎಲ್ಲಿ. ಭಾರವನ್ನು ಹೆಗಲು ಹೊರಬಾರದು, ಸೊಂಟ ಹೊರಬೇಕು ಎಂದಳು. ನಾನು ತಲೆಯಾಡಿಸಿದೆ. ತುಂಬಿದ ಕೊಡವನ್ನು ನಮ್ಮ ತಾಯಂದಿರು ಎಲ್ಲಿ ಇಟ್ಟುಕೊಂಡು ಬರುತ್ತಿದ್ದರು ಎಂಬುದು ಮರೆತೇಹೋಗಿತ್ತು.

ಎರಡನೆಯ ಪಾಠ ಕಾಲೇಜು ಹುಡುಗನದು. ಒಂದರ ಮೇಲೊಂದು ಜಾರುವ ಪಟ್ಟಿಗಳನ್ನು ತಗಡಿನಲ್ಲಿ ಕೊಯ್ಯುವ ಮೊದಲು ಅವನು ದಪ್ಪ ಕಾಗದದಲ್ಲಿ ಕತ್ತರಿಸಿ, ಕಚೇರಿಯ ಕಡತಕ್ಕೆ ಹಾಕುವ ಹಿತ್ತಾಳೆ ಪಿನ್ನುಗಳಿಂದ ಜೋಡಿಸಿ ಮೊಣಕಾಲಿಗೆ ಕಟ್ಟಿ ಕುಕ್ಕರಗಾಲಲ್ಲಿ ಕೂತು ನೋಡುತ್ತಾನೆ. ಎಲ್ಲಿ ಹಿಡಿಯುತ್ತದೋ ಅಲ್ಲಿ ಕತ್ತರಿ. ತಗಡಿನಲ್ಲಿ ರಿವೆಟ್ ಬಡಿಯುವಾಗ ಎರಡು ಪಟ್ಟಿಗಳ ನಡುವೆ ಒಂದು ತುಂಡು ರಟ್ಟು ಇಡುತ್ತಾನೆ. ಬಡಿದಾದ ಮೇಲೆ ರಟ್ಟನ್ನು ಹರಿದು ತೆಗೆದರೆ ಅದರ ದಪ್ಪದಷ್ಟು ಸಡಿಲ ಉಳಿದು ಕೀಲು ಸರಾಗವಾಗಿ ಆಡುತ್ತದೆ. ರಿವೆಟ್ ಎಂದರೆ ಬಿಗಿ, ಬಿಗಿ ಇದ್ದಷ್ಟೂ ಒಳ್ಳೆಯದು ಎಂದು ಸಾವಿರ ಹುಡುಗರಿಗೆ ಹೇಳಿಕೊಟ್ಟವನು ನಾನು. ಸಡಿಲವಾಗಿ ರಿವೆಟ್ ಹಾಕುವುದನ್ನು ಇಪ್ಪತ್ತು ವರ್ಷದ ಹುಡುಗ ಹೇಳಿಕೊಟ್ಟ.

ನಾನೂ ಬರಿಗೈಯಲ್ಲಿ ಕೂರಲಿಲ್ಲ. ಮೊಣಕೈ ಬಟ್ಟಲು ಅವರಿಗೆ ಯಾಕೆ ಹರಿಯುತ್ತಿತ್ತು ಎಂದು ತೋರಿಸಿಕೊಟ್ಟೆ. ಚಪ್ಪಟೆ ತಗಡನ್ನು ಗುಳಿಯ ಮೇಲಿಟ್ಟು ನಡುವೆ ಬಡಿದು ತಗ್ಗು ಮಾಡಿದರೆ ಲೋಹ ಹಿಗ್ಗುತ್ತದೆ, ಹಿಗ್ಗಿದಲ್ಲಿ ತೆಳ್ಳಗಾಗುತ್ತದೆ. ಬಟ್ಟಲಿನ ನೆತ್ತಿಯೇ ಎಲ್ಲಕ್ಕಿಂತ ತೆಳು, ಏಟು ಬೀಳುವುದೂ ಅಲ್ಲೇ. ಇನ್ನೊಂದು ಬಗೆಯಲ್ಲಿ ತಗಡನ್ನು ಗುಂಡಿನ ಮೇಲೆ ಹೊರಮೈಯಿಂದ ಸುತ್ತು ಸುತ್ತಾಗಿ ಬಡಿಯುತ್ತ ಅಂಚನ್ನು ಒಳಕ್ಕೆ ಕುಗ್ಗಿಸುತ್ತ ಬರಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ, ಆದರೆ ಲೋಹ ದಪ್ಪ ಉಳಿಸಿಕೊಳ್ಳುತ್ತದೆ. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ತಾಮ್ರದ ಕೊಡದ ಕುತ್ತಿಗೆ ಕಿರಿದು ಮಾಡುವುದು ಹೀಗೆಯೇ. ಮಿಲಾನಿನ ಶಿರಸ್ತ್ರಾಣಕ್ಕೂ ನಮ್ಮ ಅಜ್ಜಿಯ ಕೊಡಕ್ಕೂ ಬಿದ್ದ ಪೆಟ್ಟು ಒಂದೇ ಜಾತಿಯದು. ತಗಡಿನ ಅಂಚಿನೊಳಗೆ ತಂತಿ ಇಟ್ಟು ಸುರುಳಿ ಸುತ್ತುವುದನ್ನೂ ಕಲಿಸಿದೆ. ಬಕೆಟ್ಟಿನ ಬಾಯಿಗೆ ಇರುತ್ತದಲ್ಲ, ಅದು. ಕೈ ಕೊಯ್ಯುವುದಿಲ್ಲ, ತಗಡು ಬಾಗುವುದಿಲ್ಲ, ಜಾರಿ ಬಂದ ಕತ್ತಿಯ ಮೊನೆ ಅಲ್ಲೇ ತಡೆದು ನಿಲ್ಲುತ್ತದೆ.

ಒಂದು ಎಚ್ಚರಿಕೆಯನ್ನೂ ಕೊಟ್ಟೆ, ನಿಮಗೂ ಹೇಳಿಬಿಡುತ್ತೇನೆ. ಸತು ಲೇಪಿಸಿದ ಜಿ.ಐ. ತಗಡನ್ನು ಬೆಂಕಿಯಲ್ಲಿ ಕಾಯಿಸಬೇಡಿ, ವೆಲ್ಡ್ ಮಾಡಬೇಡಿ. ಏಳುವ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ. ಅಂಥದೇ ತಗಡು ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದಿದ್ದ ಲಾರಿ ಡ್ರೈವರ್ ಅದನ್ನು ಹಾಗೆಯೇ ವಾಪಸು ಕೊಂಡೊಯ್ದ.

ಡ್ರೈವರನ ಬಳಿ ಸರಪಳಿಯ ಅಂಗಿಯೊಂದಿತ್ತು. ಸಣ್ಣ ಸಣ್ಣ ಕಬ್ಬಿಣದ ಉಂಗುರ, ಒಂದೊಂದು ಉಂಗುರವೂ ಅಕ್ಕಪಕ್ಕದ ನಾಲ್ಕಕ್ಕೆ ಹೆಣೆದದ್ದು. ತಂತಿಯನ್ನು ಸರಳಿಗೆ ಸುತ್ತಿ ಸ್ಪ್ರಿಂಗ್ ಮಾಡಿ, ಕತ್ತರಿಸಿ, ಎರಡು ಇಕ್ಕಳ ಹಿಡಿದು ಒಂದೊಂದೇ ಕೂಡಿಸಬೇಕು. ಇಡೀ ಅಂಗಿಗೆ ಇಪ್ಪತ್ತು ಮೂವತ್ತು ಸಾವಿರ ಉಂಗುರ, ತೂಕ ಸುಮಾರು ಹತ್ತು ಕಿಲೋ. ಹಳೆಯ ಕಾಲದವರು ಉಂಗುರದ ತುದಿಗಳನ್ನು ಚಪ್ಪಟೆ ಮಾಡಿ, ತೂತು ಕೊರೆದು, ಸಾಸಿವೆಯಷ್ಟು ರಿವೆಟ್ ಹಾಕುತ್ತಿದ್ದರು. ಇವನ ಅಂಗಿಯಲ್ಲೂ ರಿವೆಟ್ ಇತ್ತು. "ನೀನೇ ಮಾಡಿದೆಯಾ?" ಎಂದೆ. ಅವನು ನಕ್ಕು ಪೆಟ್ಟಿಗೆಯ ಮೇಲಿನ ಚೀಟಿ ತೋರಿಸಿದ. ಮೇಡ್ ಇನ್ ಇಂಡಿಯಾ! ಇಂಥ ಸಾಮಾನು ಮಾಡಿ ಪಶ್ಚಿಮಕ್ಕೆ ಕಳಿಸುವ ಕಾರ್ಖಾನೆಗಳು ಉತ್ತರ ಭಾರತದಲ್ಲಿವೆ. ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಿಂದ ಇದೆ. ಸಿನಿಮಾದವರಿಗೂ ಕತ್ತಿ ಗುರಾಣಿ ಒದಗಿಸುತ್ತದೆ. ಯಾವ ಊರಿನ ಯಾವ ಹೆಣ್ಣುಮಗಳೋ ಗಂಡಸೋ ಆ ಮೂವತ್ತು ಸಾವಿರ ಉಂಗುರಗಳನ್ನು ಹೆಣೆದರೋ, ಅಂಗಿ ಎತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅವರೂ ನಮ್ಮ ಶೆಡ್ಡಿನ ಏಳನೆಯವರು, ಎಂಟನೆಯವರು.

ಇಷ್ಟು ಭಾರ ಹೊತ್ತು ಆ ಕಾಲದವರು ನಡೆಯುತ್ತಿದ್ದರೇ ಎಂದು ನೀವು ಕೇಳಬಹುದು. 1944ರ 'ಐದನೆಯ ಹೆನ್ರಿ' ಚಲನಚಿತ್ರದಲ್ಲಿ ಕವಚ ತೊಟ್ಟವನನ್ನು ರಾಟೆಗೆ ಕಟ್ಟಿ ಕುದುರೆಯ ಮೇಲೆ ಇಳಿಸುವ ದೃಶ್ಯವಿದೆ. ಅದನ್ನು ಲೋಕವೆಲ್ಲ ನಂಬಿತು. ನಿಜವಾಗಿ ಯುದ್ಧದ ಪೂರ್ತಿ ಕವಚ ಹದಿನೈದರಿಂದ ಇಪ್ಪತ್ತೈದು ಕಿಲೋ. ಒಂದು ಚೀಲ ಸಿಮೆಂಟಿನ ಅರ್ಧ. ಅದೂ ತಲೆಯಿಂದ ಪಾದದವರೆಗೆ ಹಂಚಿಹೋಗಿರುತ್ತದೆ. ಅಳತೆ ಸರಿಯಿದ್ದರೆ ಓಡಬಹುದು, ಬಿದ್ದರೆ ಏಳಬಹುದು, ಕುದುರೆ ಏರಬಹುದು. ಬುಸಿಕೋ ಎಂಬ ಫ್ರೆಂಚ್ ಸರದಾರ ಕವಚ ತೊಟ್ಟೇ ಲಾಗ ಹಾಕುತ್ತಿದ್ದನೆಂದು ಅವನ ಚರಿತ್ರೆ ಬರೆದವರು ದಾಖಲಿಸಿದ್ದಾರೆ. ಅಳತೆ ತಪ್ಪಿದರೆ ಎಂಟು ಕಿಲೋ ಕೂಡ ಗಂಟಲು ಹಿಡಿಯುತ್ತದೆ. ಅದಕ್ಕೆ ನಾನೇ ಸಾಕ್ಷಿ.

ಹವ್ಯಾಸಿಗಳ ಕೆಲಸವನ್ನು ಆಟವೆಂದು ತಳ್ಳಿಹಾಕುವವರಿಗೆ ಮೇಷ್ಟ್ರು ಒಂದು ಕತೆ ಹೇಳುತ್ತಿದ್ದರು. ಬ್ಯಾಷ್‌ಫೋರ್ಡ್ ಡೀನ್ ಎಂಬವರು ಕಸುಬಿನಿಂದ ಮೀನುಗಳ ವಿಜ್ಞಾನಿ. ಹಳೆಯ ಕವಚ ಕೂಡಿಸುವುದು ಅವರ ಹುಚ್ಚು. ಆ ಹುಚ್ಚೇ ಅವರನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ 1912ರಲ್ಲಿ ಶುರುವಾದ ಆಯುಧ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿತು. ಮೊದಲ ಮಹಾಯುದ್ಧ ಬಂದಾಗ ಅಮೆರಿಕದ ಸೈನಿಕರಿಗೆ ಉಕ್ಕಿನ ಟೊಪ್ಪಿಗೆ ಹೇಗಿರಬೇಕೆಂದು ಸರ್ಕಾರ ಅವರನ್ನೇ ಕೇಳಿತು. ಅವರ ನಮೂನೆಗಳನ್ನು ಬಡಿದುಕೊಟ್ಟವನು ಮ್ಯೂಸಿಯಮ್ಮಿನ ಫ್ರೆಂಚ್ ಕವಚಗಾರ ಡೇನಿಯಲ್ ಟಾಶೋ. ಓದಿದವನೊಬ್ಬ, ಬಡಿದವನೊಬ್ಬ.

ಆಗಸ್ಟ್ ಬಂತು. ಪಿಟ್ಸ್‌ಬರ್ಗಿನ ಉತ್ತರಕ್ಕೆ ಸ್ಲಿಪರಿ ರಾಕ್ ಎಂಬ ಊರಿನ ಬಳಿ ಪ್ರತಿ ಬೇಸಿಗೆಯಲ್ಲಿ ಪೆನ್ಸಿಕ್ ಎಂಬ ದೊಡ್ಡ ಜಾತ್ರೆ ನೆರೆಯುತ್ತದೆ. 1972ರಿಂದ ನಡೆದುಬಂದದ್ದು. ಹತ್ತು ಸಾವಿರ ಜನ ಎರಡು ವಾರ ಡೇರೆ ಹಾಕಿಕೊಂಡು ಇರುತ್ತಾರೆ. ಕುಲುಮೆ, ಮಗ್ಗ, ಅಡುಗೆ, ಹಾಡು, ನಡುನಡುವೆ ಯುದ್ಧ. ಮಗಳು, ಅಳಿಯ, ಮೊಮ್ಮಗನ ಜೊತೆ ನಾನೂ ಹೋದೆ. ಮರುಅಳತೆಯ ಕವಚ ಚೀಲದಲ್ಲಿತ್ತು. ಡೇರೆಯ ಮುಂದೆ ಮೆತ್ತಂಗಿ ತೊಟ್ಟು ಕವಚಕ್ಕೆ ತಲೆ ತೂರಿಸಿದೆ.

ಆಗ ಒಂದು ವಿಷಯ ಹೊಳೆಯಿತು. ಆ ವಿಸ್ಬಿ ಅಂಗಿಯನ್ನು ಬಿಗಿಯುವ ಪಟ್ಟಿ, ಬಕಲ್‌ಗಳೆಲ್ಲ ಬೆನ್ನಿನ ಕಡೆ. ಎದುರಿನಿಂದ ಬರುವ ಶತ್ರುವಿಗೆ ಸಂದಿ ಸಿಗಬಾರದೆಂದು ಎದೆಯ ಕಡೆ ಬಾಯಿ ಬಿಟ್ಟಿಲ್ಲ. ಎಷ್ಟೇ ಸರ್ಕಸ್ ಮಾಡಿದರೂ ತೊಡುವವನ ಕೈ ಅಲ್ಲಿಗೆ ಎಟುಕುವುದಿಲ್ಲ. ಆರುನೂರೈವತ್ತು ವರ್ಷಗಳ ಹಿಂದೆ ಆ ದ್ವೀಪದ ಒಬ್ಬೊಬ್ಬ ರೈತನ ಬೆನ್ನ ಹಿಂದೆಯೂ ಅಣ್ಣನೋ ಮಗನೋ ನೆರೆಯವನೋ ನಿಂತು ಬಕಲ್ ಬಿಗಿದಿರಬೇಕು. ನನ್ನ ಬೆನ್ನ ಹಿಂದೆ ನರ್ಸಮ್ಮ ನಿಂತಳು. ಡ್ರೈವರ್ ಹೆಗಲ ಪಟ್ಟಿ ಸರಿ ಮಾಡಿದ. ಕೂತೆ, ಎದ್ದೆ, ಬಗ್ಗಿದೆ. ಗಂಟಲಿಗೆ ಏನೂ ತಾಗಲಿಲ್ಲ. ಮೊಮ್ಮಗ ಎದೆಯ ಮೇಲೆ ಗುದ್ದಿ, "ಅಜ್ಜಾ, ನಿಮಗ ನೋವಾತೇನು?" ಎಂದ. ಇಲ್ಲ ಎಂದೆ. ಅವನ ಕೈ ಕೆಂಪಾಗಿತ್ತು.

ಹಳೆಯ ಕನ್ನಡದಲ್ಲಿ ಶಿರಸ್ತ್ರಾಣಕ್ಕೆ ಸೀಸಕ ಎನ್ನುತ್ತಿದ್ದರು. ಕವಚಕ್ಕೆ ಜೋಡು ಎನ್ನುತ್ತಿದ್ದರು. ಇಂದು ನಾವು ಜೋಡು ಎನ್ನುವುದು ಕಾಲಿನ ಮೆಟ್ಟಿಗೆ, ಎತ್ತಿನ ಜೋಡಿಗೆ, ಜೊತೆಗಿರುವ ಇಬ್ಬರಿಗೆ. ಆ ಮಾತುಗಳ ಬೇರು ಒಂದೋ ಎರಡೋ ಎಂಬ ಚರ್ಚೆ ಪಂಡಿತರದು. ಬೆನ್ನ ಹಿಂದಿನ ಬಕಲ್ ಬಿಗಿಸಿಕೊಂಡ ನನ್ನಂಥ ತಗಡು ಮೇಷ್ಟ್ರಿಗೆ ಎರಡೂ ಒಂದೇ ಅನ್ನಿಸಿದೆ.

ಊರಿಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ಅಟ್ಟದ ಮೇಲಿದ್ದ ನನ್ನ ಸುತ್ತಿಗೆ, ಸ್ಟೇಕುಗಳನ್ನು ಇಳಿಸಿ ಎಣ್ಣೆ ಹಚ್ಚಿದ್ದು. ಈಗ ಭಾನುವಾರ ಓಣಿಯ ನಾಲ್ಕು ಹುಡುಗರು ಬರುತ್ತಾರೆ. ಕವಚ ಮಾಡಿರೆಂದು ನಾನು ಹೇಳುವುದಿಲ್ಲ, ಹೂಕುಂಡ ಮಾಡಿದರೂ ಸರಿ. ನಾವು ಕೆಲಸ ಮಾಡುವ ಶೆಡ್ಡಿನಲ್ಲಿ ಒಂದು ಗೋಡೆ ಖಾಲಿ ಬಿಟ್ಟಿದ್ದೇನೆ. ಮೊದಲ ತುಂಡು, ಮೊದಲ ಚೀಟಿ ನನ್ನದೇ. ನಿಮ್ಮಲ್ಲೂ ಕಸುಬು ಬಲ್ಲ ಹಿರಿಯರು ಇದ್ದರೆ ಬಾಗಿಲು ತೆರೆದಿಡಿ. ಕಿರಿಯರು ಕರೆಯುವ ತನಕ ಕಾಯದೆ ಹೋಗಿ. ಬೈದರೆ ಎರಡನೆಯ ಸಲ ಹೋಗಿ.

ಪಿಟ್ಸ್‌ಬರ್ಗಿನ ಕವಚ ನಮ್ಮ ಮನೆಯ ಪಡಸಾಲೆಯ ಗೂಟಕ್ಕೆ ತೂಗಿದೆ. ನೋಡಲು ಬಂದವರಿಗೆ ತೊಟ್ಟು ತೋರಿಸಲು ನಾನು ಯಾವಾಗಲೂ ಸಿದ್ಧ. ಹಿಂದಿನ ಬಕಲ್ ಮಾತ್ರ ಬಂದವರೇ ಹಾಕಬೇಕು.